ಊಟಕ್ಕೆ ಇನ್ನೊಂದು ಎಲೆ

ಭಾರತದ ಹುಡುಗನೊಬ್ಬ ತಮ್ಮ ಮನೆಯಲ್ಲಿ ಇರಲು ಬರುತ್ತಾನೆಂದು ತಿಳಿದಾಗ ಲಂಡನ್ನಿನ ಡಾಕ್ಟರ್ ಸ್ಕಾಟ್ ಅವರ ಕಿರಿಯ ಹೆಣ್ಣುಮಕ್ಕಳಿಬ್ಬರು ಗಾಬರಿಬಿದ್ದು ನೆಂಟರ ಮನೆ ಸೇರಿಕೊಂಡರು. ಬಂದವನಿಂದ ಅಪಾಯವೇನೂ ಇಲ್ಲ ಎಂಬ ಸುದ್ದಿ ಮುಟ್ಟಿದ ಮೇಲೆಯೇ ಅವರು ಮನೆಗೆ ಮರಳಿದ್ದು. ಹಾಗೆ ಹೆದರಿಸಿದ ಹುಡುಗ ರವೀಂದ್ರನಾಥ ಟಾಗೋರ್. 1878ರಲ್ಲಿ, 17ರ ಪ್ರಾಯದಲ್ಲಿ ಓದಲೆಂದು ಇಂಗ್ಲೆಂಡಿಗೆ ಹೋದ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕೆಲಕಾಲ ಪಾಠ ಕೇಳಿ, ಪದವಿಯಿಲ್ಲದೆಯೇ 1880ರಲ್ಲಿ ಊರಿಗೆ ವಾಪಸಾದರು. ಮುಂದೆ 'ಜೀವನಸ್ಮೃತಿ' ಬರೆಯುವಾಗ ಆ ದಿನಗಳಿಂದ ಅಕ್ಕರೆಯಿಂದ ನೆನೆದವರಲ್ಲಿ ಸ್ಕಾಟ್ ಅವರ ಹೆಂಡತಿಗೆ ದೊಡ್ಡ ಪಾಲು. ಆಕೆ ಅವರನ್ನು ಹೆತ್ತ ಮಗನಂತೆಯೇ ನೋಡಿಕೊಂಡಿದ್ದರು. ಗಂಡನ ಸೇವೆಯನ್ನು ಶ್ರದ್ಧೆಯಿಂದ ಮಾಡುವ ಹೆಂಗಸರು ನಮ್ಮ ದೇಶದಲ್ಲಿ ಮಾತ್ರ ಇರುತ್ತಾರೆಂದು ನಂಬಿದ್ದ ಬಂಗಾಳಿ ಹುಡುಗನ ಎಣಿಕೆಯನ್ನು ಆ ತಾಯಿ ಏನನ್ನೂ ಬೋಧಿಸದೆ ತಲೆಕೆಳಗು ಮಾಡಿದರು. ಹೊರಡುವ ದಿನ ಆಕೆ ಕಣ್ಣೀರಿಟ್ಟರು.

ಹತ್ತು ವರ್ಷಗಳ ನಂತರ, 1888ರಲ್ಲಿ, ಮೋಹನದಾಸ ಗಾಂಧಿ ಅದೇ ಲಂಡನ್ನಿಗೆ ಬ್ಯಾರಿಸ್ಟರಿಕೆ ಓದಲು ಬಂದರು. ಇಳಿದುಕೊಂಡದ್ದು ದುಬಾರಿ ಹೋಟೆಲಿನಲ್ಲಿ. ನೋಡಲು ಬಂದ ಡಾಕ್ಟರ್ ಪ್ರಾಣಜೀವನ ಮೆಹತಾ, ಇಲ್ಲಿಗೆ ಬಂದದ್ದು ಬರೀ ಪುಸ್ತಕ ಓದುವುದಕ್ಕಲ್ಲ, ಇಲ್ಲಿನ ಜನರ ನಡೆನುಡಿ ತಿಳಿಯುವುದಕ್ಕೆ, ಆದ್ದರಿಂದ ಯಾವುದಾದರೂ ಮನೆಯಲ್ಲಿ ಇರು ಎಂದು ಬುದ್ಧಿ ಹೇಳಿದರು. ಹಾಗೆ ಸಿಕ್ಕಿದ್ದು ವೆಸ್ಟ್ ಕೆನ್ಸಿಂಗ್ಟನ್ನಿನ ಒಬ್ಬ ವಿಧವೆಯ ಮನೆ. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಕೊಟ್ಟ ಮಾತಿನಿಂದಾಗಿ ಗಾಂಧಿಯವರಿಗೆ ಅಲ್ಲಿ ಅರೆಹೊಟ್ಟೆಯೇ ಗತಿಯಾಯಿತು. ಬೇಯಿಸಿದ ತರಕಾರಿ ಸಪ್ಪೆ, ಇನ್ನಷ್ಟು ಬ್ರೆಡ್ ಕೇಳಲು ಸಂಕೋಚ. ಮನೆಯ ಹೆಣ್ಣುಮಕ್ಕಳಿಬ್ಬರು ಬಲವಂತ ಮಾಡಿ ಒಂದೆರಡು ಚೂರು ಹೆಚ್ಚಿಗೆ ಬಡಿಸುತ್ತಿದ್ದರು, ಗಾಂಧಿಯವರಿಗೆ ಬೇಕಾಗಿದ್ದದ್ದು ಇಡೀ ಬ್ರೆಡ್ಡು. ಊರಿನಲ್ಲಿ ಸಸ್ಯಾಹಾರಿ ಹೋಟೆಲುಗಳಿವೆ ಎಂಬ ಮಾಹಿತಿ ಕೊಟ್ಟದ್ದು ಆ ಮನೆಯೊಡತಿಯೇ. ಹುಡುಕುತ್ತಾ ಮೈಲುಗಟ್ಟಲೆ ನಡೆದ ಗಾಂಧಿ ಕೊನೆಗೆ ಫ್ಯಾರಿಂಗ್‌ಡನ್ ಬೀದಿಯಲ್ಲಿ ಒಂದನ್ನು ಕಂಡುಕೊಂಡರು. ಅಲ್ಲಿಯೇ ಮಾರಾಟಕ್ಕಿದ್ದ ಹೆನ್ರಿ ಸಾಲ್ಟ್‌ ಅವರ ಸಸ್ಯಾಹಾರದ ಪುಸ್ತಕ ಕೊಂಡರು, ಮುಂದೆ ಲಂಡನ್ನಿನ ಸಸ್ಯಾಹಾರಿ ಸಂಘದಲ್ಲಿ ಓಡಾಡಿದರು. ಹೊಟ್ಟೆ ತುಂಬಿಸಲಾರದ ಮನೆಯೂ ದಾರಿ ತೋರಿಸಿತ್ತು.

ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರದು ಇನ್ನೊಂದು ಬಗೆ. 1914ರ ಏಪ್ರಿಲಿನಲ್ಲಿ ಇಂಗ್ಲೆಂಡ್ ತಲುಪಿದ ಅವರನ್ನು, ಮದರಾಸಿಗೆ ಬಂದಾಗ ಪರಿಚಯವಾಗಿದ್ದ ಗಣಿತಜ್ಞ ಇ.ಎಚ್. ನೆವಿಲ್ ಕೇಂಬ್ರಿಜ್ಜಿನ ತಮ್ಮ ಮನೆಗೇ ಕರೆದೊಯ್ದರು. ಮೊದಲ ಕೆಲವು ವಾರ ನೆವಿಲ್ ದಂಪತಿಯ ಜೊತೆಗಿದ್ದು ರಾಮಾನುಜನ್ ಟ್ರಿನಿಟಿ ಕಾಲೇಜಿನ ಕೋಣೆಗೆ ಹೋದರು. ಮನೆಯಲ್ಲಿದ್ದದ್ದು ಬೆಚ್ಚನೆಯ ಕಾಲದಲ್ಲಿ. ಚಳಿ ಶುರುವಾದಾಗ ಅವರು ಒಂಟಿ. ಆಗ ಕೇಂಬ್ರಿಜ್ಜಿನಲ್ಲೇ ಓದುತ್ತಿದ್ದ ಪಿ.ಸಿ. ಮಹಾಲನೋಬಿಸ್ ಒಮ್ಮೆ ಹೋಗಿ ನೋಡಿದರೆ ರಾತ್ರಿಯೆಲ್ಲ ಓವರ್‌ಕೋಟು ತೊಟ್ಟು ಶಾಲು ಹೊದ್ದು ಮಲಗುತ್ತಿದ್ದೇನೆ ಎನ್ನುತ್ತಾರೆ ರಾಮಾನುಜನ್. ಹಾಸಿಗೆಯ ಮೇಲೆ ಕಂಬಳಿಗಳೇನೋ ಇದ್ದವು. ಅಂಚುಗಳನ್ನು ಹಾಸಿಗೆಯಡಿ ಬಿಗಿಯಾಗಿ ಮಡಚಿ ಮೇಲುಹೊದಿಕೆ ಹಾಸಿದ್ದರಿಂದ ಅವುಗಳೊಳಗೆ ನುಸುಳಿ ಮಲಗಬೇಕೆಂಬುದೇ ಅವರಿಗೆ ತಿಳಿದಿರಲಿಲ್ಲ. ಮಹಾಲನೋಬಿಸ್ ಕಂಬಳಿ ಬಿಡಿಸಿ ತೋರಿಸಿಕೊಟ್ಟರು. ಎಷ್ಟು ದೊಡ್ಡ ವಿಶ್ವವಿದ್ಯಾಲಯವಾದರೂ ಹೊಸ ವಿದ್ಯಾರ್ಥಿಗೆ ಕೊಡುವ ಕೈಪಿಡಿಯಲ್ಲಿ ಇಂಥದ್ದು ಇರುವುದಿಲ್ಲ. ಇದನ್ನೆಲ್ಲ ಕಲಿಸಬೇಕಾದ್ದು ಒಂದು ಮನೆ.

ಅಂಥ ಮನೆ ಸಿಗುವುದು ಅದೃಷ್ಟಕ್ಕೆ ಬಿಟ್ಟದ್ದಾಗಬಾರದು ಎಂಬ ಯೋಚನೆ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. 1909ರ ಒಂದು ಬೆಳಿಗ್ಗೆ ವೈ.ಎಂ.ಸಿ.ಎ.ಯಲ್ಲಿ ಕೆಲಸ ಮಾಡುತ್ತಿದ್ದ ಹ್ಯಾರಿ ಎಡ್ಮಂಡ್ಸ್ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಮೆಟ್ಟಿಲ ಬಳಿ ಎದುರಾದ ಚೀನೀ ವಿದ್ಯಾರ್ಥಿಗೆ ನಮಸ್ಕಾರ ಎಂದರು. ಆ ಹುಡುಗ ನಿಂತುಬಿಟ್ಟ. ತಾನು ಈ ಊರಿಗೆ ಬಂದು ಮೂರು ವಾರವಾಯಿತು, ಇಲ್ಲಿಯವರೆಗೆ ಮಾತಾಡಿಸಿದವರು ನೀವೊಬ್ಬರೇ ಎಂದ. ಎಡ್ಮಂಡ್ಸ್ ಮನೆಗೆ ಹೋಗಿ ಹೆಂಡತಿಗೆ ಹೇಳಿದರು, ಇಬ್ಬರೂ ಸೇರಿ ವಿದೇಶಿ ವಿದ್ಯಾರ್ಥಿಗಳನ್ನು ಭಾನುವಾರದ ಊಟಕ್ಕೆ ಕರೆಯತೊಡಗಿದರು. ಬರುವವರು ಹೆಚ್ಚಿ ಮನೆ ಸಾಲದಾಯಿತು. ಕೊನೆಗೆ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಕೊಟ್ಟ ಹಣದಿಂದ 1924ರಲ್ಲಿ ನ್ಯೂಯಾರ್ಕಿನ 'ಇಂಟರ್‌ನ್ಯಾಷನಲ್ ಹೌಸ್' ಎದ್ದಿತು. ಭಾನುವಾರದ ಊಟದ ರೂಢಿಯೂ ಅದರ ಜೊತೆಗೇ ಸಾಗಿತು. 1930ರಲ್ಲಿ ಬಾಗಿಲು ತೆರೆದ ಇಂಥದ್ದೇ ಇನ್ನೊಂದನ್ನು ಬರ್ಕ್ಲಿಯಲ್ಲಿ ಕಟ್ಟಲು ಹೊರಟಾಗ ಊರವರು ಸಭೆ ಸೇರಿ ವಿರೋಧಿಸಿದ್ದರು. ಬೇರೆ ಬೇರೆ ಬಣ್ಣದವರು ಒಂದೇ ಸೂರಿನಡಿ ಇರುವುದು ಅವರಿಗೆ ಸಹ್ಯವಿರಲಿಲ್ಲ. ಬಾಡಿಗೆ ಮನೆ ಕೇಳಿಕೊಂಡು ಹೋದ ವಿದ್ಯಾರ್ಥಿಗೆ ಬಾಗಿಲು ಹಾಕುವ ರೋಗ ಬೆಂಗಳೂರಿನಲ್ಲೇ ಮೊದಲು ಹುಟ್ಟಿದ್ದಲ್ಲ.

ಊಟಕ್ಕೆ ಕರೆಯುವುದಷ್ಟೇ ಅಲ್ಲ, ಮನೆಯೊಳಗೆ ಕೆಲವು ದಿನ ಇಟ್ಟುಕೊಳ್ಳಬೇಕು ಎಂದು ಹೊರಟವರು ಡೊನಾಲ್ಡ್ ವಾಟ್. 1932ರಲ್ಲಿ ಅವರು ಅಮೆರಿಕದ ಯುವಕರನ್ನು ಯುರೋಪಿಗೆ ಕರೆದೊಯ್ದು ಆರಂಭಿಸಿದ 'ಎಕ್ಸ್‌ಪೆರಿಮೆಂಟ್ ಇನ್ ಇಂಟರ್‌ನ್ಯಾಷನಲ್ ಲಿವಿಂಗ್' ಮೊದಲಿಗೆ ಶಿಬಿರದ ರೂಪದಲ್ಲಿತ್ತು. ಸ್ವಲ್ಪ ಕಾಲದಲ್ಲೇ ಮನೆವಾಸ ಅದರ ಜೀವಾಳವಾಯಿತು. 1934ರಲ್ಲಿ ಈ ಯೋಜನೆಯಲ್ಲಿ ಜರ್ಮನಿಗೆ ಹೋಗಿ ಬಂದ ತರುಣ ಸಾರ್ಜೆಂಟ್ ಶ್ರೈವರ್, 1961ರಲ್ಲಿ ಅಮೆರಿಕದ ಪೀಸ್ ಕೋರ್‌ನ ಮೊದಲ ನಿರ್ದೇಶಕರಾದರು. ಪೀಸ್ ಕೋರ್ ಸ್ವಯಂಸೇವಕರು ತರಬೇತಿಯ ದಿನಗಳಲ್ಲಿ ಸ್ಥಳೀಯರ ಮನೆಗಳಲ್ಲಿ ಇರುವ ಪದ್ಧತಿ ಇಂದಿಗೂ ಇದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈ ಕೆಲಸ ಊರೂರಿಗೆ ಹಬ್ಬಿತು. 1946ರ ಫುಲ್‌ಬ್ರೈಟ್ ಕಾಯಿದೆಯಿಂದ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಬರುವವರು ಹೆಚ್ಚಿದರು. ಸಿಯಾಟಲ್‌ನಲ್ಲಿ 1948ರಲ್ಲಿ ಊರವರೇ ಸೇರಿ ಕಟ್ಟಿದ 'ಫ್ಯೂಟ್ಸ್' ಎಂಬ ಸಂಸ್ಥೆ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಬರುವ ಹೊಸ ವಿದ್ಯಾರ್ಥಿಗಳನ್ನು ಮೊದಲ ಕೆಲವು ದಿನ ಸ್ಥಳೀಯರ ಮನೆಗಳಲ್ಲಿ ಇರಿಸುವ ಏರ್ಪಾಡು ಮಾಡಿತು. ಬ್ರಿಟನ್ನಿನಲ್ಲಿ 1987ರಲ್ಲಿ ವಿದೇಶಾಂಗ ಇಲಾಖೆ, ಬ್ರಿಟಿಷ್ ಕೌನ್ಸಿಲ್ ಮತ್ತು ವಿಕ್ಟೋರಿಯಾ ಲೀಗ್ ಕೂಡಿ ಹುಟ್ಟುಹಾಕಿದ 'ಹೋಸ್ಟ್' ವಿದ್ಯಾರ್ಥಿಗಳನ್ನು ಒಂದು ದಿನಕ್ಕೋ ವಾರಾಂತ್ಯಕ್ಕೋ ಕ್ರಿಸ್‌ಮಸ್ಸಿಗೋ ದೂರದ ಊರಿನ ಮನೆಗಳಿಗೆ ಕಳಿಸುತ್ತಿತ್ತು. ಕ್ರಿಸ್‌ಮಸ್ ದಿನ ಬ್ರಿಟನ್ನಿನಲ್ಲಿ ರೈಲು ಓಡುವುದಿಲ್ಲ, ದೊಡ್ಡ ಅಂಗಡಿಗಳ ಬಾಗಿಲು ತೆರೆಯುವುದಿಲ್ಲ. ಹಾಸ್ಟೆಲಿನಲ್ಲಿ ಉಳಿದವನಿಗೆ ಆ ದಿನ ಎಷ್ಟು ಉದ್ದವೆಂಬುದು ಅನುಭವಿಸಿದವರಿಗೇ ಗೊತ್ತು.

ಇಂಥ ಯೋಜನೆ ನಡೆಯುವ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ವಿದ್ಯಾರ್ಥಿಯೂ ಮನೆಯವರೂ ಅರ್ಜಿ ತುಂಬುತ್ತಾರೆ. ಏನು ತಿನ್ನುತ್ತೀರಿ, ಏನು ತಿನ್ನುವುದಿಲ್ಲ, ಮನೆಯಲ್ಲಿ ನಾಯಿ ಇದೆಯೇ, ಬೆಕ್ಕಿನ ಕೂದಲು ಆಗುವುದಿಲ್ಲವೇ, ಚಿಕ್ಕ ಮಕ್ಕಳಿದ್ದಾರೆಯೇ, ಕ್ರಿಕೆಟ್ಟೋ ಸಂಗೀತವೋ ತೋಟಗಾರಿಕೆಯೋ. ಇದನ್ನು ನೋಡಿ ಸಂಯೋಜಕರು ಜೋಡಿ ಮಾಡುತ್ತಾರೆ. ಹಲವು ಕಡೆ ಮನೆಯವರ ಹಿನ್ನೆಲೆಯನ್ನೂ ವಿಚಾರಿಸುತ್ತಾರೆ. ವಿದ್ಯಾರ್ಥಿಯ ವಾಸ ಹಾಸ್ಟೆಲಿನಲ್ಲೇ. ಈ ಮನೆಗೆ ಬರುವುದು ತಿಂಗಳಿಗೊಮ್ಮೆ, ಹಬ್ಬ ಬಂದಾಗ ಇನ್ನೊಮ್ಮೆ. ಹಣದ ಮಾತಿಲ್ಲ. ವಾರಕ್ಕಿಷ್ಟು ಡಾಲರ್ ಕೊಟ್ಟು ಕೋಣೆ, ಊಟ ಪಡೆಯುವ ಹೋಮ್‌ಸ್ಟೇ ಪದ್ಧತಿ ಆಸ್ಟ್ರೇಲಿಯಾ, ಕೆನಡಾಗಳಲ್ಲಿ ದೊಡ್ಡ ವ್ಯವಹಾರವಾಗಿ ಬೆಳೆದಿದೆ. ಅಲ್ಲಿಯೂ ಒಳ್ಳೆಯ ಮನೆಗಳಿವೆ. ಆದರೆ ಬಾಡಿಗೆ ಕೊಡುವವನು ಗ್ರಾಹಕ, ಬಿಸಿನೀರು ಬರದಿದ್ದರೆ ದೂರುತ್ತಾನೆ. ತಿಂಗಳಿಗೊಮ್ಮೆ ಊಟಕ್ಕೆ ಬರುವವನು ಪಾತ್ರೆ ತೊಳೆಯಲು ಕೈಹಾಕುತ್ತಾನೆ.

ಇಷ್ಟೆಲ್ಲ ಇದ್ದೂ ಅಮೆರಿಕದಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳ ಒಂಟಿತನ ಹೋಗಿಲ್ಲ. ಎಲಿಜಬೆತ್ ಗರೈಸ್ ಎಂಬ ಸಂಶೋಧಕಿ 450ಕ್ಕೂ ಹೆಚ್ಚು ವಿದೇಶಿ ವಿದ್ಯಾರ್ಥಿಗಳನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅವರಲ್ಲಿ ಸುಮಾರು ಶೇಕಡಾ 40 ಮಂದಿಗೆ ಆಪ್ತ ಎನ್ನಬಹುದಾದ ಒಬ್ಬ ಅಮೆರಿಕನ್ ಸ್ನೇಹಿತನೂ ಇರಲಿಲ್ಲ. ಪೂರ್ವ ಏಷ್ಯಾದಿಂದ ಬಂದವರಲ್ಲಿ ಅತೃಪ್ತಿ ಹೆಚ್ಚು. ಕೆಲವರು ತಮ್ಮ ನಾಚಿಕೆಯನ್ನೋ ಇಂಗ್ಲಿಷನ್ನೋ ದೂರಿದರು. ಉಳಿದವರು ಅಮೆರಿಕನ್ನರ ಸ್ನೇಹ ಮೇಲುಮೇಲಿನದು ಎಂದರು.

ನಮ್ಮವರಿಗೂ ಇದು ಅನ್ವಯಿಸುತ್ತದೆ. 2023-24ರಲ್ಲಿ ಅಮೆರಿಕದಲ್ಲಿದ್ದ 11.26 ಲಕ್ಷ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತದವರೇ 3.31 ಲಕ್ಷ, ಚೀನಾವನ್ನು ಹಿಂದೆ ಹಾಕಿ ಆ ವರ್ಷ ಭಾರತ ಮೊದಲ ಸ್ಥಾನಕ್ಕೆ ಬಂತು. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಆಗಸ್ಟಿನಲ್ಲಿ ವಿಮಾನ ಇಳಿದ ಹುಡುಗಿಯನ್ನು ಕರೆದೊಯ್ಯಲು ಭಾರತೀಯ ವಿದ್ಯಾರ್ಥಿ ಸಂಘದ ಸೀನಿಯರ್ ಕಾರು ತಂದಿರುತ್ತಾನೆ. ಕೋಣೆ ಸಿಗುವ ತನಕ ಇರಲು ಅಲ್ಲಿನ ಕನ್ನಡ ಮನೆಯವರೊಬ್ಬರು ಜಾಗ ಕೊಡುತ್ತಾರೆ. ಯುಗಾದಿಗೆ ಕನ್ನಡ ಕೂಟದಲ್ಲಿ ಹೋಳಿಗೆ ಸಿಗುತ್ತದೆ. ಇದರ ಬೆಲೆ ದೊಡ್ಡದು, ಸಂಶಯವಿಲ್ಲ. ಆದರೆ ಹಾಗೆಯೇ ಎರಡು ವರ್ಷ ಕಳೆದು, ಎಂ.ಎಸ್. ಮುಗಿಸಿ, ಒಬ್ಬ ಅಮೆರಿಕನ್ನನ ಅಡುಗೆಮನೆಯನ್ನೂ ಕಾಣದೆ ಕೆಲಸಕ್ಕೆ ಸೇರುವವರು ಕಡಿಮೆಯಿಲ್ಲ. ಪ್ರಾಣಜೀವನ ಮೆಹತಾ ಇದ್ದಿದ್ದರೆ ಬೈಯುತ್ತಿದ್ದರು. ನವೆಂಬರಿನ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಸ್ಥಳೀಯ ವಿದ್ಯಾರ್ಥಿಗಳೆಲ್ಲ ಊರಿಗೆ ಹೋಗಿ ಕ್ಯಾಂಪಸ್ ಭಣಗುಟ್ಟುತ್ತದೆ. ಆಗಲೇ ಅನೇಕ ವಿಶ್ವವಿದ್ಯಾಲಯಗಳು ಊರವರ ಮನೆಗಳಿಗೆ ಊಟಕ್ಕೆ ಹೋಗುವ ಪಟ್ಟಿ ತೆರೆಯುತ್ತವೆ. ಹೆಸರು ಬರೆಸಿದರೆ ಸಾಕು. ಟರ್ಕಿ ಕೋಳಿ ತಿನ್ನದವರಿಗೆ ಆಲೂಗಡ್ಡೆ, ಕುಂಬಳದ ಸಿಹಿ ಇದ್ದೇ ಇರುತ್ತದೆ.

ಎಲ್ಲ ಮನೆಗಳೂ ಸ್ಕಾಟ್ ಅವರ ಮನೆಯಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದಲ್ಲಿ ಈ ಕೆಲಸಕ್ಕೆ ಮುಂದೆ ಬಂದವರಲ್ಲಿ ಚರ್ಚುಗಳ ಬಳಗ ಮೊದಲಿನಿಂದಲೂ ದೊಡ್ಡದು. ಊಟಕ್ಕೆ ಕರೆದು, ಊಟವಾದ ಮೇಲೆ ಧರ್ಮದ ಮಾತು ತೆಗೆದು, ಹುಡುಗನನ್ನು ಇಕ್ಕಟ್ಟಿಗೆ ಸಿಕ್ಕಿಸಿದ್ದು ಉಂಟು. ಆದ್ದರಿಂದಲೇ ಅನೇಕ ವಿಶ್ವವಿದ್ಯಾಲಯಗಳು ಮತಪ್ರಚಾರ ಕೂಡದು ಎಂಬ ಷರತ್ತನ್ನು ಮನೆಯವರಿಗೆ ಮೊದಲೇ ಹಾಕುತ್ತವೆ. ಕರೆದರೆ ಹೋಗಲಿ, ಚರ್ಚೆಗೆ ಒಪ್ಪದಿದ್ದರೆ ಇಲ್ಲ ಎನ್ನಲಿ ಎಂದು ವಿದ್ಯಾರ್ಥಿಗೂ ತಿಳಿಸುತ್ತವೆ. ಇದಕ್ಕಿಂತ ಸಣ್ಣ ತೊಡಕುಗಳು ಹೆಚ್ಚು. ಹಿರಿಯರು ಬಡಿಸಿದ್ದನ್ನು ಬೇಡವೆನ್ನಲು ಬಾರದ ಏಷ್ಯಾದ ಹುಡುಗರು ಹೊಟ್ಟೆ ಬಿರಿಯುವಂತೆ ತಿಂದುಬಿಡುತ್ತಾರೆ. 'ಯಾವಾಗ ಬೇಕಾದರೂ ಬಾ' ಎಂದ ಅಮೆರಿಕನ್ನರ ಮನೆಗೆ ಹೇಳದೆ ಹೋಗಿ ಇಬ್ಬರೂ ಮುಜುಗರಪಡುತ್ತಾರೆ. ಸಂಯೋಜಕರ ಬಹುಪಾಲು ದುಡಿಮೆ ಇಂಥದ್ದನ್ನು ಮುಂಚಿತವಾಗಿ ಎರಡೂ ಕಡೆಗೆ ಬಿಡಿಸಿ ಹೇಳುವುದರಲ್ಲೇ ಕಳೆಯುತ್ತದೆ.

ಎರಡು ರಾತ್ರಿಯ ಮನೆವಾಸದ ನೆನಪೂ ಬಹಳ ದೂರ ಬರಬಹುದು. 1985ರಲ್ಲಿ ಚೀನಾದ ಹೆಬೆ ಪ್ರಾಂತ್ಯದಿಂದ ಕೃಷಿ ಅಧ್ಯಯನಕ್ಕೆಂದು ಅಮೆರಿಕದ ಅಯೋವಾ ರಾಜ್ಯಕ್ಕೆ ಬಂದ ತಂಡದಲ್ಲಿದ್ದ ಯುವ ಅಧಿಕಾರಿಯೊಬ್ಬರು ಮಸ್ಕಟೀನ್ ಎಂಬ ಸಣ್ಣ ಊರಿನ ಮನೆಯೊಂದರಲ್ಲಿ, ಕಾಲೇಜಿಗೆ ಹೋಗಿದ್ದ ಮಗನ ಕೋಣೆಯಲ್ಲಿ ಮಲಗಿದ್ದರು. ಅವರು ಷಿ ಜಿನ್‌ಪಿಂಗ್. 2012ರ ಫೆಬ್ರವರಿಯಲ್ಲಿ ಚೀನಾದ ಉಪಾಧ್ಯಕ್ಷರಾಗಿ ಅಮೆರಿಕಕ್ಕೆ ಬಂದಾಗ ಅದೇ ಊರಿಗೆ ಹೋಗಿ ಹಳೆಯ ಪರಿಚಯದವರ ಜೊತೆ ಚಹಾ ಕುಡಿದರು. ಎರಡು ದೇಶಗಳ ಜಗಳವೇನೂ ಅದರಿಂದ ನಿಂತಿಲ್ಲ. ಊಟದ ಮೇಜಿಗೆ ಅಷ್ಟು ದೊಡ್ಡ ಹೊರೆ ಹೊರಿಸುವುದೂ ಸರಿಯಲ್ಲ.

ಇನ್ನು ನಮ್ಮ ಮನೆಯ ವಿಷಯ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯಂತೆ 2021-22ರಲ್ಲಿ ಭಾರತದಲ್ಲಿ ಓದುತ್ತಿದ್ದ ವಿದೇಶಿ ವಿದ್ಯಾರ್ಥಿಗಳು ಸುಮಾರು 47 ಸಾವಿರ. ಅವರಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ನೇಪಾಳದವರು. ಅದರ ಹಿಂದಿನ ವರ್ಷದ ಸಮೀಕ್ಷೆಯಲ್ಲಿ ಇಡೀ ದೇಶದಲ್ಲಿ ಅತಿ ಹೆಚ್ಚು ವಿದೇಶಿ ವಿದ್ಯಾರ್ಥಿಗಳಿದ್ದ ರಾಜ್ಯ ಕರ್ನಾಟಕ, 8 ಸಾವಿರಕ್ಕೂ ಮಿಕ್ಕಿ. ಬೆಂಗಳೂರು, ಮೈಸೂರು, ಮಣಿಪಾಲ, ಮಂಗಳೂರುಗಳ ಕಾಲೇಜುಗಳಿಗೆ ಆಫ್ರಿಕದಿಂದ, ಪಶ್ಚಿಮ ಏಷ್ಯಾದಿಂದ, ಮಲೇಷ್ಯಾದಿಂದ ಮಕ್ಕಳು ಬರುತ್ತಲೇ ಇದ್ದಾರೆ. ಮೂರು ನಾಲ್ಕು ವರ್ಷ ಇಲ್ಲಿದ್ದು, 'ಸ್ವಲ್ಪ', 'ಎಷ್ಟು', 'ಬೇಡ' ಎಂಬಷ್ಟು ಕನ್ನಡ ಕಲಿತು ಹೋಗುತ್ತಾರೆ. ಅಷ್ಟೂ ಕಲಿಯುವುದು ಆಟೋದಲ್ಲಿ, ಅಂಗಡಿಯಲ್ಲಿ.

ಪರಿಚಯವಿಲ್ಲದ ಕಡೆ ಭಯ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆಂಬುದನ್ನು ಬೆಂಗಳೂರು 2016ರ ಜನವರಿ 31ರ ರಾತ್ರಿ ಕಂಡಿತು. ಹೆಸರಘಟ್ಟದ ಬಳಿ ಸೂಡಾನಿನ ವಿದ್ಯಾರ್ಥಿಯೊಬ್ಬನ ಕಾರಿಗೆ ಸಿಕ್ಕಿ ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ, ಆ ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು, ಅವಳಿದ್ದ ಕಾರಿಗೆ ಬೆಂಕಿ ಇಟ್ಟಿತು. ಸೂಡಾನ್ ಎಲ್ಲಿ, ತಾಂಜಾನಿಯಾ ಎಲ್ಲಿ! ವಿಷಯ ದೆಹಲಿಯವರೆಗೆ ಹೋಯಿತು, ಬಂಧನಗಳಾದವು, ಶಾಂತಿಸಭೆಗಳಾದವು. ತಿಂಗಳಿಗೊಂದು ಊಟ ಅಂಥ ಗುಂಪನ್ನು ತಡೆಯುತ್ತಿತ್ತೆಂದು ಯಾರೂ ಹೇಳಲಾರರು. ಆದರೆ ಆ ಬೀದಿಯ ನಾಲ್ಕು ಮನೆಗಳಿಗಾದರೂ ಆ ಹುಡುಗಿಯ ಹೆಸರು ಗೊತ್ತಿದ್ದಿದ್ದರೆ, ಬಾಗಿಲು ತೆರೆದು ಒಳಗೆ ಕರೆದುಕೊಳ್ಳುವ ಒಂದು ಮನೆ ಇರುತ್ತಿತ್ತೇನೋ.

ಹೊರಗಿನವರನ್ನು ಮನೆಯೊಳಗೆ ಬಿಟ್ಟುಕೊಳ್ಳುವುದು ನಮಗೆ ಬಾರದ ವಿದ್ಯೆಯೇನಲ್ಲ. ಮೈಸೂರಿನ ಗೋಕುಲಂನಲ್ಲಿ ಅಷ್ಟಾಂಗ ಯೋಗ ಕಲಿಯಲು ಬರುವ ವಿದೇಶಿಯರಿಗೆ ಮಹಡಿ ಮನೆ ಕೊಟ್ಟು, ಬೆಳಗಿನ ತಿಂಡಿ ಹಾಕಿ, ಕೆಲವರ ಜೊತೆ ವರ್ಷಗಟ್ಟಲೆ ಬಾಂಧವ್ಯ ಉಳಿಸಿಕೊಂಡ ಗೃಹಿಣಿಯರಿದ್ದಾರೆ. ರೋಟರಿ ಸಂಸ್ಥೆಯ ಯುವ ವಿನಿಮಯದಲ್ಲಿ ಬಂದ ಹೈಸ್ಕೂಲು ಪ್ರಾಯದ ಮಕ್ಕಳನ್ನು ತಿಂಗಳುಗಟ್ಟಲೆ ಮನೆಯಲ್ಲಿಟ್ಟುಕೊಂಡ ಕುಟುಂಬಗಳು ನಮ್ಮ ಸಣ್ಣ ಊರುಗಳಲ್ಲೂ ಸಿಗುತ್ತವೆ. ಹಾಗಾದರೆ ಕಾಲೇಜಿನ ವಿದೇಶಿ ವಿದ್ಯಾರ್ಥಿಗೆ ಮಾತ್ರ ಏಕಿಲ್ಲ? ಒಂದು ಕಾರಣ, ಕೇಳುವವರಿಲ್ಲ. ವಿಶ್ವವಿದ್ಯಾಲಯಗಳ ವಿದೇಶಿ ವಿದ್ಯಾರ್ಥಿ ಕಚೇರಿಗಳಿಗೆ ವೀಸಾ, ನೋಂದಣಿ, ಶುಲ್ಕಗಳಲ್ಲೇ ಹೊತ್ತು ಮುಳುಗುತ್ತದೆ. ವರ್ಷಕ್ಕೊಮ್ಮೆ ಸಾಂಸ್ಕೃತಿಕ ದಿನಾಚರಣೆ ನಡೆಸಿ, ನೈಜೀರಿಯಾದವರಿಂದ ಒಂದು ಕುಣಿತ ಮಾಡಿಸಿ ಚಪ್ಪಾಳೆ ತಟ್ಟಿದರೆ ಮುಗಿಯಿತು.

ಇನ್ನೊಂದು ಕಾರಣವನ್ನು ಹೇಳಲು ಸ್ವಲ್ಪ ಕಷ್ಟ. ಅಡುಗೆಮನೆಯ ಮಡಿ, ಮಾಂಸದ ವಾಸನೆಯ ಚಿಂತೆ, ಬಣ್ಣದ ಬಗೆಗಿನ ನಮ್ಮ ಮುಚ್ಚಿಟ್ಟ ಅಸಹನೆ, ಅಕ್ಕಪಕ್ಕದವರು ಏನೆಂದಾರು ಎಂಬ ಅಳುಕು. ಫ್ರಾನ್ಸಿನಿಂದ ಬಂದವರಿಗೆ ತೆರೆಯುವ ಬಾಗಿಲು ಕಾಂಗೋದಿಂದ ಬಂದವರಿಗೆ ತೆರೆಯುವುದಿಲ್ಲ. ಗೋಕುಲಂನ ಆತಿಥ್ಯವನ್ನು ಹೊಗಳುವಾಗ ಅಲ್ಲಿಗೆ ಬರುವವರು ಬಹುಪಾಲು ಯಾವ ದೇಶದವರು, ಯಾವ ಬಣ್ಣದವರು ಎಂಬುದನ್ನು ಮರೆಯುವಂತಿಲ್ಲ.

ಕಾನೂನಿನ ಹೆದರಿಕೆ ಮೂರನೆಯದು. ವಿದೇಶಿಯರು ಯಾರ ಮನೆಯಲ್ಲಾದರೂ ರಾತ್ರಿ ತಂಗಿದರೆ, ಆ ಮನೆಯವರು 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. 'ಫಾರಂ ಸಿ' ಎಂದು ಎಲ್ಲರ ಬಾಯಲ್ಲಿರುವುದು ಇದೇ. ಹೋಟೆಲಿಗಿರುವ ನಿಯಮ ಮನೆಗೂ ಇದೆ, ಬಾಡಿಗೆ ಪಡೆಯದಿದ್ದರೂ ಇದೆ. ಊಟಕ್ಕೆ ಬಂದು ಸಂಜೆ ಹಾಸ್ಟೆಲಿಗೆ ಮರಳುವ ವಿದ್ಯಾರ್ಥಿಯ ಮಟ್ಟಿಗೆ ಈ ಕಾಗದಪತ್ರವಿಲ್ಲ.

ಅಂದರೆ ಎಡ್ಮಂಡ್ಸ್ ದಂಪತಿ ಆರಂಭಿಸಿದ ರೀತಿಯೇ ನಮಗೂ ಸುಲಭ: ಭಾನುವಾರ ಮಧ್ಯಾಹ್ನ ಒಂದು ಊಟ. ಇಬ್ಬರು ವಿದ್ಯಾರ್ಥಿಗಳನ್ನು ಒಟ್ಟಿಗೆ ಕರೆದರೆ ಒಬ್ಬರಿಗಿರುವ ಸಂಕೋಚ ಅರ್ಧಕ್ಕಿಳಿಯುತ್ತದೆ. ಏನು ತಿನ್ನುತ್ತಾರೆಂದು ಮುಂಚೆಯೇ ಕೇಳಿಕೊಳ್ಳಬೇಕು. ಖಾರ ಕಡಿಮೆ ಮಾಡಬೇಕು, ಚಮಚ ಇಡಬೇಕು, ಕೈಯಲ್ಲಿ ತಿನ್ನಲು ಅವರಾಗಿಯೇ ಮುಂದಾದರೆ ತೋರಿಸಬೇಕು. ಮನೆ ಸಸ್ಯಾಹಾರಿಯಾದರೆ ಅದನ್ನು ಮೊದಲೇ ಹೇಳಿದರೆ ಸಾಕು, ಕ್ಷಮೆ ಕೇಳಬೇಕಾದ್ದೇನಿಲ್ಲ. ಮುಸ್ಲಿಂ ವಿದ್ಯಾರ್ಥಿಗಳಿಗಂತೂ ಹಲಾಲ್ ಚಿಂತೆಯಿಲ್ಲದ ಸಸ್ಯಾಹಾರಿ ಮನೆ ಎಷ್ಟೋ ಸಲ ಹೆಚ್ಚು ನಿರಾಳ. ಅವರ ಊರಿನಲ್ಲಿ ಮಳೆ ಯಾವಾಗ, ಅಪ್ಪ ಅಮ್ಮನ ಕೆಲಸವೇನು, ಮದುವೆ ಎಷ್ಟು ದಿನ ನಡೆಯುತ್ತದೆ ಎಂದು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ. ಸಿಂಹ, ಬಡತನ, ಯುದ್ಧಗಳ ಬಗ್ಗೆ ಅವರು ಬಂದ ದಿನದಿಂದ ಉತ್ತರ ಕೊಟ್ಟು ಸುಸ್ತಾಗಿರುತ್ತಾರೆ. ತಲೆಗೂದಲು ಮುಟ್ಟಿ ನೋಡುವುದಂತೂ ಬೇಡವೇ ಬೇಡ.

ಈ ಬರಹ ಓದುತ್ತಿರುವವರ ಊರಿನಲ್ಲಿ ವಿದೇಶಿ ವಿದ್ಯಾರ್ಥಿಗಳಿರುವ ಕಾಲೇಜೊಂದು ಇದ್ದರೆ, ಅದರ ವಿದೇಶಿ ವಿದ್ಯಾರ್ಥಿ ವಿಭಾಗಕ್ಕೆ ಹೋಗಿ ಹೆಸರು, ವಿಳಾಸ ಕೊಟ್ಟು ಬನ್ನಿ. ಪಟ್ಟಿ ಇಲ್ಲವೆಂದರೆ ಒಂದು ಪಟ್ಟಿ ತೆರೆಯಲು ಹೇಳಿ. ದಸರಾ ರಜೆಗೆ ಹಾಸ್ಟೆಲುಗಳು ಖಾಲಿಯಾಗುತ್ತವೆ, ಟಿಕೆಟ್ಟಿಗೆ ಹಣವಿಲ್ಲದ ದೂರದ ಮಕ್ಕಳು ಮಾತ್ರ ಉಳಿದಿರುತ್ತಾರೆ. ಮನೆಯಲ್ಲಿ ಬೊಂಬೆ ಕೂರಿಸುವವರು ಈ ಸಲ ಅವರಲ್ಲಿ ಇಬ್ಬರನ್ನು ಕರೆಯಿರಿ.